ಕ್ವಿಟೊಗೆ ಹೋದರೆ ಮೊದಲ ದಿನ ಸುಮ್ಮನಿರಿ

ಹೋಟೆಲಿನ ಎರಡನೇ ಮಹಡಿಗೆ ಸೂಟ್‌ಕೇಸ್ ಹೊತ್ತುಕೊಂಡು ಹತ್ತಿದೆ, ಅಷ್ಟೇ. ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಎದೆ ಡೋಲು ಬಡಿಯುತ್ತಿತ್ತು. ಬೀಗ ತೆಗೆಯುವ ಮೊದಲು ಗೋಡೆಗೊರಗಿ ಸುಧಾರಿಸಿಕೊಳ್ಳಬೇಕಾಯಿತು. ಈಕ್ವೆಡಾರ್‌ನ ರಾಜಧಾನಿ ಕ್ವಿಟೊ (ಅಲ್ಲಿನವರ ಬಾಯಲ್ಲಿ ‘ಕೀತೊ’) ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 1,930 ಮೀಟರ್. ಅದರ ಮೇಲೆ ಇನ್ನೂ ಒಂಬೈನೂರು ಮೀಟರ್ ಏರಿ ಊರು ಕಟ್ಟಿದ್ದಾರೆ ಎಂದುಕೊಳ್ಳಿ. ಹಾಗಾಗಿ ಮೊದಲ ದಿನಕ್ಕೆ ಏನನ್ನೂ ಇಟ್ಟುಕೊಳ್ಳಬೇಡಿ. ನೀರು ಕುಡಿದು, ಹಗುರವಾಗಿ ಉಂಡು, ಮಲಗಿಬಿಡಿ.

ಹೆಚ್ಚಿನವರು ಗ್ಯಾಲಪಗೋಸ್ ದ್ವೀಪಗಳಿಗೆ ಹೋಗುವ ದಾರಿಯಲ್ಲಿ ಒಂದು ರಾತ್ರಿ ಇಲ್ಲಿ ತಂಗಿ ಹೊರಟುಬಿಡುತ್ತಾರೆ. ನನ್ನನ್ನು ಕೇಳಿದರೆ ನಾಲ್ಕು ದಿನವಾದರೂ ಬೇಕು.

ಹೊರಡುವ ಮುನ್ನ ಮರೆಯಬಾರದ್ದು ಯೆಲ್ಲೊ ಫೀವರ್ ಲಸಿಕೆ. ಅದರ ಪ್ರಮಾಣಪತ್ರವಿಲ್ಲದೆ ಈಕ್ವೆಡಾರ್‌ನಿಂದ ಮರಳಿದರೆ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ಹಿಡಿದು ಪ್ರತ್ಯೇಕವಾಗಿ ಇರಿಸಬಹುದು. ಪತ್ರಕ್ಕೆ ಬೆಲೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ. ಕೊನೆಯ ವಾರಕ್ಕೆ ಬಿಡಬೇಡಿ.

ಹಣದ ವಿಷಯ ಸುಲಭ. 2000ದಿಂದ ಇಲ್ಲಿ ಚಲಾವಣೆಯಲ್ಲಿರುವುದು ಅಮೆರಿಕದ ಡಾಲರ್. ಆದರೆ ಐವತ್ತರ, ನೂರರ ನೋಟು ತರಬೇಡಿ. ನಾನು ತಂದದ್ದೆಲ್ಲ ಐವತ್ತರವೇ. ಬಾಳೆಹಣ್ಣಿನ ಅಂಗಡಿಯಾಕೆ ನೋಟನ್ನು ಬೆಳಕಿಗೆ ಹಿಡಿದು ನೋಡಿ, ಮಡಿಸಿ, ನನ್ನ ಕೈಗೇ ಹಿಂದಿರುಗಿಸಿದಳು. ಹಣ್ಣನ್ನು ಮಾತ್ರ ಬುಟ್ಟಿಗೆ ಹಾಕಿಕೊಂಡಳು. ಮೆಟ್ರೊ ಟಿಕೆಟ್ಟಿಗೆ 45 ಸೆಂಟು. ಚಿಲ್ಲರೆಯೇ ಇಲ್ಲಿ ರಾಜ.

ಆ ಮೆಟ್ರೊ ಶುರುವಾಗಿದ್ದು 2023ರ ಡಿಸೆಂಬರ್‌ನಲ್ಲಿ. ಊರು ಉದ್ದಕ್ಕೆ ಹಾವಿನಂತೆ ಕಣಿವೆಯಲ್ಲಿ ಮಲಗಿರುವುದರಿಂದ ಒಂದೇ ಮಾರ್ಗ, ಹದಿನೈದೇ ನಿಲ್ದಾಣ ಸಾಕಾಗಿದೆ. ಸಾನ್ ಫ್ರಾನ್ಸಿಸ್ಕೊ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ನೇರ ಹಳೆಯ ಪೇಟೆಯ ನಡುವೆ ನಿಂತಿರುತ್ತೀರಿ. 1978ರಲ್ಲಿ ಯುನೆಸ್ಕೊ ಪ್ರಕಟಿಸಿದ ವಿಶ್ವ ಪರಂಪರೆಯ ಮೊಟ್ಟಮೊದಲ ಪಟ್ಟಿಯಲ್ಲಿದ್ದ ಹನ್ನೆರಡು ತಾಣಗಳಲ್ಲಿ ಇದೂ ಒಂದು. ಪಕ್ಕದಲ್ಲೇ ಇರುವ ಲಾ ಕೊಂಪಾನ್ಯಿಯಾ ಚರ್ಚನ್ನು 1605ರಲ್ಲಿ ಆರಂಭಿಸಿ, ಮುಗಿಸಲು ನೂರಅರವತ್ತು ವರ್ಷ ತೆಗೆದುಕೊಂಡರು. ಒಳಗೆಲ್ಲ ಚಿನ್ನದ ರೇಕು. ನನಗೆ ಕಣ್ಣು ತುಂಬಿತು, ಮನಸ್ಸು ತುಂಬಲಿಲ್ಲ.

ಮನಸ್ಸು ತುಂಬಿದ್ದು ಬಸಿಲಿಕಾ ಎಂಬ ಇನ್ನೊಂದು ದೊಡ್ಡ ಚರ್ಚಿನಲ್ಲಿ. ಗೋಡೆಯಿಂದ ಹೊರಚಾಚಿದ ಕಲ್ಲಿನ ಮುಖಗಳಲ್ಲಿ ರಾಕ್ಷಸರಿಲ್ಲ. ಆಮೆ, ಇಗುವಾನ, ಚಿಪ್ಪುಹಂದಿಯನ್ನು ಹೋಲುವ ಆರ್ಮಡಿಲೊ, ಹೀಗೆ ಆ ದೇಶದ ಪ್ರಾಣಿಗಳೇ ಇವೆ. ಗೋಪುರ ಏರಬೇಕಾದರೆ ಮೊದಲು ಚಾವಣಿಯ ಕಮಾನುಗಳ ಮೇಲೆ ಹಾಸಿದ ಮರದ ಹಲಗೆಯ ಮೇಲೆ ನಡೆಯಬೇಕು, ಆಮೇಲೆ ನೆಟ್ಟಗೆ ನಿಂತ ಕಬ್ಬಿಣದ ಏಣಿ. ಹಲಗೆ ನಡುಗಿದಾಗ ಮುಂದಿದ್ದ ಹುಡುಗಿ ನಕ್ಕಳು, ನಾನು ಹನುಮಂತನನ್ನು ನೆನೆದೆ. ಉಸಿರಾಟ ಹಿಡಿತಕ್ಕೆ ಬಂದ ಮೂರನೇ ದಿನಕ್ಕೆ ಇದನ್ನು ಇಟ್ಟುಕೊಳ್ಳಿ.

ಚೌಕದಲ್ಲಿ ಕೋನಿನಲ್ಲಿ ಗುಲಾಬಿ ಬಣ್ಣದ ನೊರೆ ಮಾರುತ್ತಿರುತ್ತಾರೆ. ಐಸ್‌ಕ್ರೀಮ್ ಎಂದು ಬಾಯಿಗಿಟ್ಟರೆ ತಣ್ಣಗಿಲ್ಲ! ಅದು ಎಸ್ಪುಮಿಯ್ಯ, ಸೀಬೆಹಣ್ಣಿನ ತಿರುಳಿಗೆ ಮೊಟ್ಟೆಯ ಬಿಳಿ ಸೇರಿಸಿ ಕಡೆದದ್ದು. ಮೊಟ್ಟೆ ತಿನ್ನದವರು ಎಚ್ಚರ. ಸಸ್ಯಾಹಾರಿಗಳು ‘ಸಿನ್ ಕಾರ್ನೆ’ (ಮಾಂಸವಿಲ್ಲದೆ) ಎಂದಷ್ಟೇ ಹೇಳಿದರೆ ತಟ್ಟೆಗೆ ಕೋಳಿ ಬರಬಹುದು, ಏಕೆಂದರೆ ಹಲವರಿಗೆ ‘ಕಾರ್ನೆ’ ಎಂದರೆ ದನದ ಮಾಂಸ ಮಾತ್ರ. ‘ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ’ ಎಂದು ಕೋಳಿ, ಮೀನುಗಳನ್ನೂ ಬಿಡಿಸಿ ಹೇಳಿ. ಲೊಕ್ರೊ ಎಂಬ ಆಲೂಗಡ್ಡೆಯ ಗಟ್ಟಿ ಸಾರಿಗೆ ಚೀಸು, ಬೆಣ್ಣೆಹಣ್ಣಿನ ಹೋಳು ಹಾಕಿ ಕೊಡುತ್ತಾರೆ; ಸಂಜೆಯ ಚಳಿಗೆ ಅದಕ್ಕಿಂತ ಬೇರೆ ಬೇಡ. ಆಲೂಗಡ್ಡೆಯ ತವರೇ ಆಂಡೀಸ್ ಅಲ್ಲವೇ, ರುಚಿಯಲ್ಲಿ ಗೊತ್ತಾಗುತ್ತದೆ.

ಊರ ಉತ್ತರಕ್ಕೆ ಭೂಮಧ್ಯರೇಖೆಯ ಸ್ಮಾರಕವಿದೆ. ಎಲ್ಲರೂ ಹಳದಿ ಗೆರೆಯ ಎರಡೂ ಬದಿಗೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ನಿಜವಾದ ರೇಖೆ ಅಲ್ಲಿಂದ ಸುಮಾರು 240 ಮೀಟರ್ ಉತ್ತರಕ್ಕಿದೆ. ಅಲ್ಲಿ ಪ್ರವಾಸಿಗರ ಮುಂದೆ ಮೊಳೆಯ ಮೇಲೆ ಮೊಟ್ಟೆ ನಿಲ್ಲಿಸುವುದು, ರೇಖೆಯ ಆಚೀಚೆ ನೀರು ಬೇರೆ ಬೇರೆ ದಿಕ್ಕಿಗೆ ಸುತ್ತುವುದನ್ನು ತೋರಿಸುವುದು ಕೈಚಳಕ. ತಾಳ್ಮೆಯಿದ್ದರೆ ಮೊಟ್ಟೆ ದಾವಣಗೆರೆಯಲ್ಲೂ ನಿಲ್ಲುತ್ತದೆ. ಅರ್ಧ ದಿನ ಸಾಕು.

ಭದ್ರತೆಯ ಮಾತು ಬಿಡುವಂತಿಲ್ಲ. 2024ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಅಪರಾಧಿ ಗುಂಪುಗಳ ವಿರುದ್ಧ ಆಂತರಿಕ ಸಶಸ್ತ್ರ ಸಂಘರ್ಷವನ್ನೇ ಘೋಷಿಸಿತ್ತು. ವರ್ಷವಿಡೀ ಆರು, ಆರೂವರೆಗೆಲ್ಲ ಕತ್ತಲು. ಆಮೇಲೆ ಟ್ಯಾಕ್ಸಿಯಲ್ಲೇ ಓಡಾಡಿ, ರಸ್ತೆಯಲ್ಲಿ ಮೊಬೈಲ್ ಹೊರತೆಗೆಯಬೇಡಿ. ರೆಕ್ಕೆಯುಳ್ಳ ಕನ್ಯೆ ಮರಿಯಳ ಮೂರ್ತಿಯಿರುವ ಪಾನೆಸಿಯ್ಯೊ ಗುಡ್ಡಕ್ಕೂ ನಡೆದು ಹತ್ತಬೇಡಿ, ಹಗಲಾದರೂ ಸರಿ.

ಕೇಬಲ್ ಕಾರನ್ನು ಕೊನೆಯ ದಿನದ ಬೆಳಗ್ಗೆಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಮೋಡ ಕವಿದರೆ ಟಿಕೆಟ್ಟಿನ ದುಡ್ಡು ದಂಡ. ಅದು ಪಿಚಿಂಚಾ ಜ್ವಾಲಾಮುಖಿಯ ಮೈಮೇಲೆ ಸುಮಾರು ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಸ್ವೆಟರ್, ಟೋಪಿ, ಸನ್‌ಸ್ಕ್ರೀನ್ ಮೂರೂ ಬೇಕು. ಪಿಚಿಂಚಾಗೆ ಎರಡು ಮುಖ್ಯ ಶಿಖರಗಳು. ಕಿಚ್ವಾ ಭಾಷೆಯಲ್ಲಿ ಒಂದರ ಹೆಸರು ರುಕು, ಎಂದರೆ ಮುದುಕ; ಇನ್ನೊಂದು ವಾವಾ, ಎಂದರೆ ಕೂಸು. ಮುದುಕ ತಣ್ಣಗೆ ಮಲಗಿದ್ದಾನೆ. 1999ರಲ್ಲಿ ಇಡೀ ಊರಿನ ಮೇಲೆ ಬೂದಿ ಎರಚಿದ್ದು ಕೂಸು.