ದುರ್ಗದ ಗಾಳಿಗೆ ಸೈಕಲ್ ಟ್ಯೂಬೇ ಗತಿ

ಆಷಾಢದಲ್ಲಿ ಟೆಂಟ್ ಹೊತ್ತುಕೊಂಡು ಚಿತ್ರದುರ್ಗಕ್ಕೆ ಹೊರಟಿದ್ದೇ ಮೊದಲ ತಪ್ಪು. ಆಷಾಢದ ಗಾಳಿ ಅಂದರೆ ಏನು ಅಂತ ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿ ಫ್ಯಾನುಗಳನ್ನು ಸುಮ್ನೆ ನೆಟ್ಟಿಲ್ಲ ಅಲ್ವಾ?

ಟೆಂಟ್ ಹಾಕಿದ್ದು ಜೋಗಿಮಟ್ಟಿ ಗುಡ್ಡ ಕಾಣುವಷ್ಟು ದೂರದಲ್ಲಿರುವ ನಮ್ಮ ಷಡ್ಡಕರ ಹೊಲದಲ್ಲಿ. ಗುಡ್ಡದ ಮೇಲೇ ಯಾಕೆ ಹಾಕಲಿಲ್ಲ ಅಂತ ಕೇಳಬೇಡಿ, ಅದು ವನ್ಯಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ರಾತ್ರಿ ಉಳಿಯುವ ಹಾಗಿಲ್ಲ. ಹೊಲದ ಮೂಲೆಯಲ್ಲಿ ಒಂದು ಹುಣಸೆ ಮರ, ಪಕ್ಕದಲ್ಲಿ ಪಂಪ್‌ಹೌಸ್. ನಾನು, ಷಡ್ಡಕರು, ಇಬ್ಬರು ಮಕ್ಕಳು. ಊಟ ಮುಗಿಸಿ ಮಲಗೋಣ ಅನ್ನುವಾಗ ಒಂದು ಗಾಳಿ ಬೀಸಿತು ನೋಡಿ, ಆನ್‌ಲೈನಿನಲ್ಲಿ ತರಿಸಿದ ಟೆಂಟಿನ ಫೈಬರ್ ಕೋಲು ಲಟಕ್ ಅಂತ ಸೀಳಿ ಹೋಯಿತು. ಆ ಫೈಬರ್ ಸೀಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪಾಪಸ್‌ಕಳ್ಳಿಯ ಸಣ್ಣ ಮುಳ್ಳಿನ ಹಾಗೆ, ಕಣ್ಣಿಗೆ ಕಾಣುವುದಿಲ್ಲ, ತೆಗೆಯಲೂ ಬರುವುದಿಲ್ಲ, ಎರಡು ದಿನ ಚುಚ್ಚುತ್ತಲೇ ಇರುತ್ತದೆ.

ನಾನು ಮೊದಲು ಕೈ ಹಾಕಿದ್ದು ಇನ್ಸುಲೇಶನ್ ಟೇಪಿಗೆ. ಮನೆಯ ರಿಪೇರಿ ಡಬ್ಬಿಯನ್ನೇ ಎತ್ತಿಕೊಂಡು ಬಂದಿದ್ದೆ, ಅದರಲ್ಲಿ ಕೆಂಪು, ಕಪ್ಪು ಎರಡೂ ಟೇಪು ಇದ್ದವು. ಆದರೆ ಆ ಗಾಳಿಯಲ್ಲಿ ಟೇಪಿಗೆ ಮೊದಲು ಅಂಟಿದ್ದು ಧೂಳು, ಆಮೇಲೆ ಕೋಲು. ಹತ್ತು ಸುತ್ತು ಸುತ್ತಿದೆ. ಹತ್ತು ನಿಮಿಷಕ್ಕೆ ಜಾರಿ ಮತ್ತೆ ಕೋಲು ಬಾಗಿ ಟೆಂಟ್ ನಮ್ಮ ಮುಖದ ಮೇಲೆ ಬಂತು.

"ಅದ್ ಬಿಡ್ರೀ, ಹಿಡಿಯಲ್ಲ. ಪಂಪ್‌ಹೌಸಲ್ಲಿ ಪೈಪೈತೆ, ತಡೀರಿ" ಅಂತ ಷಡ್ಡಕರು ಟಾರ್ಚ್ ಹಿಡಿದು ಹೋದರು. ತಂದಿದ್ದು ಮೋಟರಿನ ವೈರ್ ಎಳೆದು ಉಳಿದ ಪಿವಿಸಿ ಪೈಪಿನ ಗೇಣುದ್ದದ ತುಂಡು. ಆಕ್ಸಾ ಬ್ಲೇಡಿನಲ್ಲಿ ಅದನ್ನು ಉದ್ದಕ್ಕೆ ಒಂದೇ ಕಡೆ ಸೀಳಿದೆವು. ಬಾಯಿ ಅಗಲಿಸಿ ಮುರಿದ ಕೋಲಿನ ಮೇಲೆ ಕೂರಿಸಿದರೆ ತಾನೇ ಕಚ್ಚಿಕೊಳ್ಳುತ್ತದೆ. ಮುರಿದ ಜಾಗ ಪೈಪಿನ ನಟ್ಟ ನಡುವೆ ಬರಬೇಕು, ಇಲ್ಲದಿದ್ದರೆ ಪಕ್ಕದಲ್ಲಿ ಮತ್ತೆ ಮುರಿಯುತ್ತದೆ.

ಅದರ ಮೇಲೆ ಸೈಕಲ್ ಟ್ಯೂಬ್. ನನ್ನ ಸೋದರಮಾವ ದಾವಣಗೆರೆಯಲ್ಲಿ ತುಂಬಾ ವರ್ಷ ಸೈಕಲ್ ಶಾಪ್ ಇಟ್ಟಿದ್ದವರು. ಹೊರಡುವ ಹಿಂದಿನ ದಿನ ನನ್ನ ಡಬ್ಬಿ ನೋಡಿ ನಕ್ಕು, "ಟೇಪ್ ಏನ್ ಹಿಡಿತತಲೇ, ಎರಡ್ ಹಳೇ ಟ್ಯೂಬ್ ತಗಂಡ್ ಹೋಗು" ಅಂತ ತುರುಕಿ ಕಳಿಸಿದ್ದರು. ದೊಡ್ಡ ಸೈಕಲ್ಲಿನ ಒಂದು ಟ್ಯೂಬನ್ನು ವಾಲ್ವ್ ಹತ್ತಿರ ಕತ್ತರಿಸಿದರೆ ಸುಮಾರು 2 ಮೀಟರ್ ಉದ್ದ ಸಿಗುತ್ತದೆ. ಅದನ್ನು ಒಂದು ಬೆರಳು ಅಗಲದ ಪಟ್ಟಿ ಮಾಡಿಕೊಳ್ಳಬೇಕು. ಸುತ್ತುವಾಗ ಕೈ ನೋಯುವಷ್ಟು ಎಳೆದು, ಪ್ರತಿ ಸುತ್ತೂ ಹಿಂದಿನದರ ಅರ್ಧದ ಮೇಲೆ ಬರುವ ಹಾಗೆ ಸುತ್ತಬೇಕು. ಗಂಟು ಬೇಡವೇ ಬೇಡ. ಕೊನೆಯ ಸುತ್ತನ್ನು ಸಡಿಲ ಬಿಟ್ಟು ಅದರ ಕೆಳಗೆ ತುದಿ ತೂರಿಸಿ ಎಳೆದರೆ ಮುಗಿಯಿತು, ರಬ್ಬರು ರಬ್ಬರನ್ನೇ ಹಿಡಿದುಕೊಳ್ಳುತ್ತದೆ, ಧೂಳಿದ್ದರೂ ಅಷ್ಟೆ, ಮಳೆ ಹನಿದರೂ ಅಷ್ಟೆ. ರಾತ್ರಿಯೆಲ್ಲ ಗಾಳಿ ಬೀಸಿತು. ಕೋಲು ಅಲ್ಲಾಡಲಿಲ್ಲ. ಆ ಕಟ್ಟು ಈಗಲೂ ಹಾಗೇ ಇದೆ, ನಾನು ಬಿಚ್ಚಿಲ್ಲ.

ಅವತ್ತಿನಿಂದ ನನ್ನ ಡಬ್ಬಿಯಲ್ಲಿ ಅಂಟುವ ಸಾಮಾನು ಕಮ್ಮಿ, ಕಟ್ಟುವ ಸಾಮಾನು ಜಾಸ್ತಿ. ಯೂಟ್ಯೂಬಿನಲ್ಲಿ ಎಲ್ಲದಕ್ಕೂ ಟೇಪು ಸುತ್ತುತ್ತಾರೆ. ಸುತ್ತಲಿ ಬಿಡಿ, ಅವರ ಊರಲ್ಲಿ ಈ ಕೆಂಪು ಧೂಳು ಇರಲಿಕ್ಕಿಲ್ಲ.

ಅಂಟಿನ ಕಥೆ ಹೇಳಿಬಿಡುತ್ತೇನೆ. 20 ಲೀಟರ್ ನೀರಿನ ಕ್ಯಾನು ಕಲ್ಲಿಗೆ ಬಡಿದು ತಳ ಬಿರುಕು ಬಿಟ್ಟಿತು. ಎಂ-ಸೀಲ್ ಇತ್ತಲ್ಲ, ಎರಡು ಮುದ್ದೆಯನ್ನೂ ಸಮಸಮ ತೆಗೆದುಕೊಂಡು ಒಂದೇ ಬಣ್ಣ ಬರುವ ತನಕ ಚೆನ್ನಾಗಿ ನಾದಿ ಮೆತ್ತಿದೆ. ಬೆಳಿಗ್ಗೆ ನೋಡಿದರೆ ಎಂ-ಸೀಲ್ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಆದರೆ ಇಡೀ ಬಿಲ್ಲೆ ಕ್ಯಾನಿನಿಂದ ಕಳಚಿ ಕೈಗೆ ಬಂತು. ಆ ನುಣುಪು ಪ್ಲಾಸ್ಟಿಕ್ಕಿಗೆ ಅದು ಕಚ್ಚುವುದೇ ಇಲ್ಲ. ಕಬ್ಬಿಣ, ಮರ, ಕಲ್ಲಿಗಾದರೆ ಎಮರಿ ಪೇಪರಿನಲ್ಲಿ ಉಜ್ಜಿ ಹಚ್ಚಿ, ಜನ್ಮಕ್ಕೂ ಬಿಡುವುದಿಲ್ಲ. ಆದರೆ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ನಾದಿ.

ಫೆವಿಕ್ವಿಕ್ ಇನ್ನೊಂದು. ಚಿಕ್ಕವನ ಹವಾಯಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಫೆವಿಕ್ವಿಕ್ ಹಾಕಿ, ಜಾಸ್ತಿ ಆಯಿತು ಅಂತ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಬಿಸಿಯಾಗಿ ಬೆರಳು ಸುಟ್ಟಿತು! ಹತ್ತಿ ಬಟ್ಟೆಗೆ ತಾಗಿದರೆ ಆ ಅಂಟು ಒಮ್ಮೆಲೇ ಗಟ್ಟಿಯಾಗುತ್ತಾ ಕಾಯುತ್ತದೆ, ನನಗೆ ಗೊತ್ತಿರಲಿಲ್ಲ. ಕೊನೆಗೆ ಉಂಗುಷ್ಟವನ್ನು ತೂರಿಸಿ ಅಡಿಯಲ್ಲಿ ಒಂದು ವಾಷರ್ ಇಟ್ಟು ಬೈಂಡಿಂಗ್ ವೈರ್ ತಿರುಚಿದೆ. ವೈರಿನ ತುದಿ ಕಾಲಿಗೆ ಚುಚ್ಚದ ಹಾಗೆ ಮಡಚಿದೆ. ಮನೆ ತನಕ ಬಂತು.

ವಾಷರ್ ಅಂದೆ ಅಲ್ವಾ, ಅದರದ್ದು ಇನ್ನೊಂದು ಕೆಲಸ ಇದೆ. ಟೆಂಟ್ ಜೊತೆ ಬರುವ ತೆಳು ಗೂಟ ದುರ್ಗದ ಗರಸು ನೆಲಕ್ಕೆ ಇಳಿಯುವುದಿಲ್ಲ, ಬಾಗುತ್ತದೆ. ಆರಿಂಚು ಮೊಳೆಗೆ ಅಗಲದ ವಾಷರ್ ಹಾಕಿ ಹೊಡೆಯಿರಿ, ಹಗ್ಗ ಮೊಳೆಯ ತಲೆಯಿಂದ ಜಾರುವುದಿಲ್ಲ. ವಾಪಸ್ ಬರುವಾಗ ಎಲ್ಲ ಮೊಳೆ ಎಣಿಸಿಕೊಂಡು ಬನ್ನಿ, ಅದು ಬೇಸಾಯ ಮಾಡುವ ಹೊಲ, ಎತ್ತಿನ ಕಾಲಿಗೋ ಟ್ರ್ಯಾಕ್ಟರ್ ಟೈರಿಗೋ ಹೋದರೆ ಷಡ್ಡಕರು ಮತ್ತೆ ಕರೆಯುವುದಿಲ್ಲ. ಮೊಳೆಯೂ ಇಳಿಯದ ಕಡೆ ಹಗ್ಗವನ್ನು ಒಂದು ಕಡ್ಡಿಗೆ ಕಟ್ಟಿ ಅದರ ಮೇಲೆ ಬಂಡೆ ಹೇರಿ. ದುರ್ಗದಲ್ಲಿ ಕಲ್ಲಿಗೇನು ಬರ?

ತಾಡಪಾಲಿನ ರಿಂಗು ಕಿತ್ತರೂ ಕಲ್ಲೇ. ನಿಂಬೆಹಣ್ಣಿನಷ್ಟು ಒಂದು ದುಂಡು ಕಲ್ಲನ್ನು ಮೂಲೆಯ ಒಳಗಿಟ್ಟು ಹೊರಗಿನಿಂದ ಅದರ ಕುತ್ತಿಗೆಗೆ ಹಗ್ಗ ಬಿಗಿದರೆ ರಿಂಗಿಗಿಂತ ಗಟ್ಟಿ. ಇದು ನಮ್ಮ ರೈತರು ರಾಶಿ ಮುಚ್ಚುವಾಗ ಮಾಡುವುದೇ.

ಡಿಸ್ಟೆಂಪರ್ ಖಾಲಿಯಾದ 20 ಲೀಟರಿನ ಬಕೆಟ್ ಮುಚ್ಚಳ ಸಮೇತ ಇದ್ದರೆ ಬಿಡಬೇಡಿ. ಹೋಗುವಾಗ ಸಾಮಾನು ತುಂಬಲು, ಅಲ್ಲಿ ಕೂರಲು, ಪಾತ್ರೆ ತೊಳೆಯಲು. ಕುಡಿಯುವ ನೀರಿಗೆ ಮಾತ್ರ ಬೇಡ. ರಾತ್ರಿ ಮಂಡಕ್ಕಿ, ಬಾಳೆಹಣ್ಣು, ಬೆಲ್ಲವನ್ನೆಲ್ಲ ಅದಕ್ಕೆ ತುಂಬಿ ಪಂಪ್‌ಹೌಸಿನಲ್ಲಿಟ್ಟು ಬೀಗ ಹಾಕಿದೆವು. ಆ ಕಡೆ ಕರಡಿ ಓಡಾಡುತ್ತವೆ, ತಿನ್ನುವುದನ್ನು ಟೆಂಟಿನಲ್ಲಿ ಇಟ್ಟುಕೊಂಡು ಮಲಗುವುದು ಯಾವ ಧೈರ್ಯವೂ ಅಲ್ಲ.

ಜಿಪ್ ಹಿಡಿದುಕೊಂಡರೆ ಮೇಣದಬತ್ತಿ ಉಜ್ಜಿ. ಸಣ್ಣ ಗ್ಯಾಸ್ ಒಲೆಯಲ್ಲಿ ವಾಸನೆ ಬಂದರೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ, ಬಂದರೆ ಟೆಫ್ಲಾನ್ ಟೇಪು ಗೀಪು ಸುತ್ತುವ ಸಾಹಸ ಬೇಡ, ಗ್ಯಾಸ್ ಬಂದ್ ಮಾಡಿ ಮೂರು ಕಲ್ಲು ಹೂಡಿ. ನಾವು ಹಾಗೇ ಮಾಡಿದ್ದು. ಕಟ್ಟಿಗೆ ತೇವ ಇತ್ತು, ಟ್ಯೂಬಿನ ಒಂದು ಸಣ್ಣ ಚೂರಿಗೆ ಕಡ್ಡಿ ಗೀರಿದರೆ ತೇವದಲ್ಲೂ ಹತ್ತಿಕೊಳ್ಳುತ್ತದೆ. ಕೆಟ್ಟ ವಾಸನೆ, ಕಪ್ಪು ಹೊಗೆ. ಅದು ಪೂರ್ತಿ ಉರಿದು ಹೋದ ಮೇಲೆಯೇ ಪಾತ್ರೆ ಇಡಿ, ಇಲ್ಲದಿದ್ದರೆ ನಿಮ್ಮ ಚಹಾ ಪಂಕ್ಚರ್ ಅಂಗಡಿ ನೆನಪಿಸುತ್ತದೆ.

ಉಳಿದ ಪಟ್ಟಿಯಲ್ಲಿ ಮಕ್ಕಳು ಕ್ಯಾಟರ್‌ಬಿಲ್ಲು ಮಾಡಿಕೊಂಡು ಹುಣಸೆಕಾಯಿಗೆ ಗುರಿ ಇಡುತ್ತಾ ಕೂತರು. ಒಂದೂ ಬೀಳಲಿಲ್ಲ. ಈಗ ಟ್ಯೂಬ್ ಎಲ್ಲ ಖಾಲಿ. ಮುಂದಿನ ಸಲ ವಾಣಿವಿಲಾಸ ಸಾಗರದ ಕಡೆ ಹೋಗುವ ಯೋಚನೆ ಇದೆ, ಮಾವನಿಗೆ ಫೋನ್ ಮಾಡಿ ಇನ್ನೆರಡು ಟ್ಯೂಬ್ ಕೇಳಿದೆ. "ಹಳೇ ಟ್ಯೂಬಿಗೆ ಈಗ ಭಾರಿ ಡಿಮ್ಯಾಂಡ್ ಐತಲೇ, ಮೊದ್ಲು ಬೆಣ್ಣೆದೋಸೆ ಕೊಡ್ಸು" ಅಂದಿದ್ದಾರೆ. ಭಾನುವಾರ ಹೋಗಬೇಕು.