ಫ್ರಂಟ್ ಸೈಟ್ ಮಸುಕಾದರೆ ಮೊಲದ ಬೇಟೆ ಬಿಡಬೇಕೇ?

ನಲವತ್ತೈದು ದಾಟಿದ ಬೇಟೆಗಾರರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ‘ಮೊಲ ಚೆನ್ನಾಗಿ ಕಾಣುತ್ತದೆ, ನಳಿಗೆಯ ತುದಿಯ ಫ್ರಂಟ್ ಸೈಟ್ (ಗುರಿ ಹಿಡಿಯುವ ಮುಂದಿನ ಗುರುತು) ಮಾತ್ರ ಮಸುಕು. ದೊಡ್ಡ ಸ್ಕೋಪ್ ಕೊಳ್ಳಲೇ, ಇಲ್ಲ ರೈಫಲ್ ಕೆಳಗಿಡಲೇ?’ ಸದ್ಯಕ್ಕೆ ಎರಡೂ ಬೇಡ. ಮೊದಲು ಒಂದು ಅಳತೆ ಟೇಪ್ ತೆಗೆದುಕೊಳ್ಳಿ. (ಬೇಟೆಗೆ ಕಾನೂನಿನ ಅನುಮತಿ ಇರುವ ಕಡೆಯ ಮಾತಿದು. ಇಲ್ಲದ ಕಡೆ ಕಾಗದದ ಗುರಿಗೂ ಇದೇ ಲೆಕ್ಕ.)

ಸೈಟ್ ಮಸುಕಾಗುವುದಕ್ಕೆ ಕಾರಣ ಚಾಳೀಸು. ಕಣ್ಣೊಳಗಿನ ಮಸೂರ ವರ್ಷದಿಂದ ವರ್ಷಕ್ಕೆ ಗಡುಸಾಗುತ್ತದೆ. ಇಪ್ಪತ್ತರಲ್ಲಿ ಸುಮಾರು 10 ಡಯಾಪ್ಟರ್‌ನಷ್ಟು (ಲೆನ್ಸಿನ ಪವರ್ ಅಳೆಯುವ ಮಾನ) ಫೋಕಸ್ ಬದಲಿಸುತ್ತಿದ್ದ ಕಣ್ಣಿಗೆ ಐವತ್ತರಲ್ಲಿ ಉಳಿಯುವುದು ಸುಮಾರು 2. ತೆರೆದ ಸೈಟಿನ (ಸ್ಕೋಪ್ ಇಲ್ಲದ) ರೈಫಲ್ ಕೇಳುವುದು ಮಾತ್ರ ಮೂರು ದೂರಗಳನ್ನು: ಕಣ್ಣಿನ ಕಡೆಯ ರಿಯರ್ ಸೈಟ್, ಫ್ರಂಟ್ ಸೈಟ್, ಮೊಲ. ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡುವುದು ಹರೆಯದ ಕಣ್ಣಿಗೂ ಆಗುತ್ತಿರಲಿಲ್ಲ. ಅದು ಒಂದರಿಂದ ಇನ್ನೊಂದಕ್ಕೆ ಎಷ್ಟು ಬೇಗ ಜಿಗಿಯುತ್ತಿತ್ತೆಂದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಆ ಜಿಗಿತ ನಿಂತಿದೆ. ಹಾಗಾಗಿ ಕಣ್ಣನ್ನು ಎಲ್ಲಿ ನಿಲ್ಲಿಸಬೇಕು ಎಂದು ನಾವೇ ತೀರ್ಮಾನಿಸಬೇಕು.

ರೈಫಲ್ ಖಾಲಿ ಮಾಡಿ, ಬೋಲ್ಟ್ ತೆರೆದು, ಚೇಂಬರನ್ನು (ತೋಟೆ ಕೂರುವ ಜಾಗವನ್ನು) ಎರಡು ಸಲ ನೋಡಿ. ಎಂದಿನ ಭಂಗಿಯಲ್ಲಿ ಭುಜಕ್ಕೆ ಏರಿಸಿ. ಇನ್ನೊಬ್ಬರು ನಳಿಗೆಯ ಪಕ್ಕದಲ್ಲಿ ನಿಂತು ನಿಮ್ಮ ಕಣ್ಣಿನಿಂದ ಫ್ರಂಟ್ ಸೈಟಿನವರೆಗಿನ ದೂರ ಅಳೆಯಲಿ. ಸಾಮಾನ್ಯವಾಗಿ ಅದು 75 ಸೆಂ.ಮೀ.ಯಿಂದ 1 ಮೀಟರ್. 1 ಮೀಟರ್ ದೂರಕ್ಕೆ ಫೋಕಸ್ ಮಾಡಲು ಬೇಕಾದದ್ದು 1 ಡಯಾಪ್ಟರ್. ಪೂರ್ತಿ 1 ಡಯಾಪ್ಟರ್ ಕನ್ನಡಕಕ್ಕೆ ಸೇರಿಸಿದರೆ ಸೈಟ್ ಗೆರೆ ಕೊರೆದಂತೆ ಕಾಣುತ್ತದೆ, ಮೊಲ ಮಂಜಾಗುತ್ತದೆ. ಅರ್ಧ ಸೇರಿಸಿದರೆ ಕಣ್ಣು 2 ಮೀಟರಿನಲ್ಲಿ ನಿಲ್ಲುತ್ತದೆ. ಆಗ ಸೈಟ್ ಮತ್ತು ಮೊಲ ಎರಡೂ ಸಮಸಮವಾಗಿ, ಸಹಿಸುವಷ್ಟು ಮಾತ್ರ ಮಸುಕಾಗುತ್ತವೆ. ಆದ್ದರಿಂದ ಕಣ್ಣಿನ ಡಾಕ್ಟರ ಬಳಿ ಕೇಳಬೇಕಾದದ್ದು ಇಷ್ಟೇ: ‘ನನ್ನ ದೂರದ ಪವರ್‌ಗೆ ಪ್ಲಸ್ 0.50 ಸೇರಿಸಿ, ಒಂದೇ ಪವರಿನ ಕನ್ನಡಕ ಬೇಕು.’ ದೂರಕ್ಕೆ ಪವರ್ ಇಲ್ಲದವರಿಗೆ ಅದು +0.50. ದೂರಕ್ಕೆ −1.50 ಇದ್ದವರಿಗೆ −1.00. ಸೈಟ್ 80 ಸೆಂ.ಮೀ.ಗಿಂತ ಹತ್ತಿರವಿದ್ದರೆ 0.75 ಕೂಡ ಹಾಕಿ ನೋಡಬಹುದು. ಮೊದಲು ಟ್ರಯಲ್ ಲೆನ್ಸಿನಲ್ಲೇ ನೋಡಿ, ಒಪ್ಪಿದರೆ ಮಾಡಿಸಿ. ಲೆನ್ಸ್ ಪಾಲಿಕಾರ್ಬೊನೇಟ್ ಇರಲಿ.

ತಪ್ಪುವುದು ಎರಡು ಕಡೆ. ಒಂದು, ಓದಲು ಇಟ್ಟುಕೊಂಡ +2.00 ಕನ್ನಡಕವನ್ನೇ ಹಾಕಿಕೊಳ್ಳುವುದು. ಅದು ಕಣ್ಣನ್ನು 50 ಸೆಂ.ಮೀ.ಗೆ ತಂದು ನಿಲ್ಲಿಸುತ್ತದೆ. ಅಲ್ಲಿ ಸೈಟೂ ಇಲ್ಲ, ಮೊಲವೂ ಇಲ್ಲ. ಇನ್ನೊಂದು, ಪ್ರೋಗ್ರೆಸಿವ್ ಕನ್ನಡಕ (ಮೇಲಿನಿಂದ ಕೆಳಕ್ಕೆ ಪವರ್ ಬದಲಾಗುತ್ತಾ ಹೋಗುವಂಥದ್ದು). ಕೆನ್ನೆ ಸ್ಟಾಕಿಗೆ (ರೈಫಲ್ಲಿನ ಹಿಂಬದಿಯ ಹಿಡಿಗೆ) ಒತ್ತಿದಾಗ ನಾವು ನೋಡುವುದು ಲೆನ್ಸಿನ ಮೇಲಿನ, ಮೂಗಿನ ಕಡೆಯ ಮೂಲೆಯಿಂದ. ಅಲ್ಲಿರುವುದು ಬರಿಯ ದೂರದ ಪವರ್, ಜೊತೆಗೆ ಅಂಚಿನ ತಿರುಚು. ತಲೆ ಎತ್ತಿ ಸರಿಮಾಡಿಕೊಳ್ಳಲು ಹೋದರೆ ಕೆನ್ನೆ ಸ್ಟಾಕಿನಿಂದ ಬಿಡುತ್ತದೆ, ಈಡು ಮೇಲೆ ಹೋಗುತ್ತದೆ. ಪವರ್ ಹೆಚ್ಚಿರುವವರು ಲೆನ್ಸನ್ನು ನೋಟಕ್ಕೆ ನೇರವಾಗಿ ತಿರುಗಿಸಿ ನಿಲ್ಲಿಸಬಹುದಾದ ಶೂಟಿಂಗ್ ಫ್ರೇಮ್ ಕೊಳ್ಳುವುದು ನಿಜಕ್ಕೂ ಒಳ್ಳೆಯದು.

ಕನ್ನಡಕಕ್ಕಿಂತ ಹಳೆಯ ಮದ್ದು ಸಣ್ಣ ತೂತು. ಕಣ್ಣಿನ ಹತ್ತಿರ ಕೂರುವ ಪೀಪ್ ಸೈಟ್ ಅಂಚಿನ ಬೆಳಕನ್ನು ತಡೆಯುವುದರಿಂದ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಚೂಪಾಗುತ್ತವೆ, ಜೊತೆಗೆ ರಿಯರ್ ಸೈಟನ್ನು ನೋಡುವ ಕೆಲಸವೇ ತಪ್ಪುತ್ತದೆ. ಕಾಗದದ ಗುರಿಗೆ 1.0ರಿಂದ 1.3 ಮಿ.ಮೀ. ತೂತು ಸಾಕು, ಇನ್ನೂ ಸಣ್ಣದಾದರೆ ಎಲ್ಲವೂ ಕತ್ತಲಾಗಿ ಅಂಚುಗಳು ಹರಡುತ್ತವೆ. ಬೇಟೆಗೆ 2 ಮಿ.ಮೀ. ಅಥವಾ ಹೆಚ್ಚು ಇರಲಿ. ಪೀಪ್ ಸೈಟ್ ಕೊಳ್ಳುವ ಮೊದಲು ಪರೀಕ್ಷೆ ಮಾಡಬೇಕೆಂದರೆ ಕಪ್ಪು ಇನ್ಸುಲೇಶನ್ ಟೇಪಿನ ತುಂಡಿಗೆ ಕಾಸಿದ ಸೂಜಿಯಿಂದ ಸುಮಾರು 1.5 ಮಿ.ಮೀ. ತೂತು ಮಾಡಿ, ರೈಫಲ್ ಏರಿಸಿದಾಗ ಕಣ್ಣು ಲೆನ್ಸಿನ ಯಾವ ಜಾಗದಿಂದ ನೋಡುತ್ತದೋ ಅಲ್ಲಿ ಅಂಟಿಸಿ. ತೂತಿನ ಅಂಚಿನಲ್ಲಿ ಅಂಟು ಎಳೆಎಳೆಯಾಗಿ ಉಳಿದರೆ ಮತ್ತೆ ಮಸುಕೇ.

ಈಗ ಎಲ್ಲರಿಗೂ ಇಷ್ಟವಾಗುವ ಹೊಳೆಯುವ ಫೈಬರ್ ಬೀಡ್, ಅಂದರೆ ಫ್ರಂಟ್ ಸೈಟಿನಲ್ಲಿ ಕೂರುವ ಬಣ್ಣದ ಚುಕ್ಕಿ. ಬೇಗ ಕಣ್ಣಿಗೆ ಬೀಳುತ್ತದೆ, ನಿಜ. ಆದರೆ ಲೆಕ್ಕ ಹಾಕಿ: ಕಣ್ಣಿನಿಂದ 80 ಸೆಂ.ಮೀ. ದೂರದ 2.5 ಮಿ.ಮೀ. ಬೀಡ್ 50 ಮೀಟರಿನಲ್ಲಿ 15 ಸೆಂ.ಮೀ.ಗೂ ಹೆಚ್ಚು ಜಾಗ ಮುಚ್ಚುತ್ತದೆ. ಮೊಲದ ತಲೆಯಲ್ಲಿ ನಮಗೆ ಬೇಕಾದ ಜಾಗ 3–4 ಸೆಂ.ಮೀ. ಬೀಡ್ ಹಿಂದೆ ಇಡೀ ತಲೆ ಮರೆಯಾಗುತ್ತದೆ. 1.5 ಮಿ.ಮೀ. ಬೀಡ್ ಆದರೆ 25 ಮೀಟರಿನಲ್ಲಿ ಮುಚ್ಚುವುದು ಸುಮಾರು 4.7 ಸೆಂ.ಮೀ. ತೆರೆದ ಸೈಟಿನಲ್ಲಿ 25 ಮೀಟರ್ ಒಳಗೇ ಇರಿ ಎನ್ನುವುದು ಇದಕ್ಕೇ. ಗಾಯಗೊಂಡ ಮೊಲ ಬಿಲದೊಳಗೆ ನರಳಿ ಸಾಯುವುದಕ್ಕಿಂತ ಈಡು ಬಿಡದೆ ಹಿಂತಿರುಗುವುದು ಎಷ್ಟೋ ಮೇಲು.

ರೆಡ್ ಡಾಟ್ ಸೈಟಿನಲ್ಲಿ (ಗಾಜಿನಲ್ಲಿ ಕೆಂಪು ಬೆಳಕಿನ ಚುಕ್ಕಿ ತೋರಿಸುವಂಥದ್ದು) ಚುಕ್ಕಿ ಮತ್ತು ಗುರಿ ಒಂದೇ ದೂರದಲ್ಲಿ ಕಾಣುವುದರಿಂದ ಚಾಳೀಸಿನ ಕಾಟವಿಲ್ಲ. ಆದರೆ ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದವರಿಗೆ ಕೊಡುವ ಪವರ್) ಇರುವವರಿಗೆ ಚುಕ್ಕಿ ಬಾಲ ಬಂದಂತೆ ಚದುರುತ್ತದೆ. ಸೈಟನ್ನು ಕೈಯಲ್ಲಿ ಹಿಡಿದು ತಿರುಗಿಸಿ: ಬಾಲ ಇದ್ದ ಕಡೆಯೇ ಇದ್ದರೆ ದೋಷ ಕಣ್ಣಿನದು, ಸೈಟಿನೊಂದಿಗೇ ತಿರುಗಿದರೆ ಸೈಟಿನದು.

ಸ್ಕೋಪ್ ಕೊನೆಗೆ ಎಲ್ಲರಿಗೂ ಬೇಕಾಗುತ್ತದೆ. ಆದರೆ ಅದರ ದೊಡ್ಡ ಗಾಜಿಗೆ ಮರುಳಾಗಬೇಡಿ. ಮುಂದಿನ ಲೆನ್ಸಿನ ಅಗಲವನ್ನು ಸ್ಕೋಪಿನ ಪವರಿನಿಂದ (ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೋ ಅದರಿಂದ) ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 56 ಮಿ.ಮೀ. ಲೆನ್ಸ್, 8 ಪವರ್ ಅಂದರೆ 7 ಮಿ.ಮೀ. ಹರೆಯದ ಪಾಪೆ ಕತ್ತಲಲ್ಲಿ ಸುಮಾರು 7 ಮಿ.ಮೀ. ಅರಳುತ್ತದೆ, ಅರವತ್ತರ ಪಾಪೆ ಸುಮಾರು 5. ಉಳಿದ ಬೆಳಕು ಪಾಪೆಯ ಹೊರಗೇ ಬೀಳುತ್ತದೆ. 40 ಮಿ.ಮೀ. ಲೆನ್ಸನ್ನು 6ರಿಂದ 8 ಪವರಿನಲ್ಲಿ ಇಟ್ಟರೆ ಸಾಕು, ರೈಫಲ್ಲೂ ಹಗುರ. ಸ್ಕೋಪಿನೊಳಗಿನ ಗುರಿಗೆರೆ ಚೂಪಾಗುವಂತೆ ಐಪೀಸಿನ (ಕಣ್ಣಿನ ಕಡೆಯ ಗಾಜಿನ) ಉಂಗುರ ಸರಿಮಾಡುವಾಗ ಬರಿಯ ಆಕಾಶದತ್ತ (ಸೂರ್ಯನತ್ತ ಅಲ್ಲ) ಹಿಡಿದು ಎರಡು ಮೂರು ಸೆಕೆಂಡ್ ಮಾತ್ರ ನೋಡಿ, ಕಣ್ಣು ತೆಗೆದು, ತಿರುಗಿಸಿ, ಮತ್ತೆ ನೋಡಿ. ದಿಟ್ಟಿಸುತ್ತಾ ತಿರುಗಿಸಿದರೆ ಕಣ್ಣು ಹೊಂದಿಕೊಂಡು ಮೋಸ ಮಾಡುತ್ತದೆ. ಕನ್ನಡಕ ಹಾಕಿಯೇ ಬೇಟೆಗೆ ಹೋಗುವವರು ಹಾಕಿಕೊಂಡೇ ಇದನ್ನು ಮಾಡಬೇಕು, ಅದೂ ದೂರದ ಕನ್ನಡಕ. ಪ್ಯಾರಲಾಕ್ಸನ್ನೂ (ಕಣ್ಣು ಸರಿದಾಗ ಗುರಿಗೆರೆಯೂ ಗುರಿಯಿಂದ ಸರಿದಂತೆ ಕಾಣುವುದನ್ನು) ಗಮನಿಸಿ: ದೊಡ್ಡ ರೈಫಲ್ಲಿನ ಸ್ಕೋಪ್ ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತದೆ, ಸಣ್ಣ ತೋಟೆಯ .22 ರೈಫಲ್ಲಿನದು 50 ಗಜಕ್ಕೆ. ಮೊದಲನೆಯದನ್ನು .22ಕ್ಕೆ ಹಾಕಿ 25 ಮೀಟರಿನಲ್ಲಿ ಬಳಸಿದರೆ, ಕಣ್ಣು ಅಂಚಿಗೆ ಸರಿದಾಗ ಗುರಿ 1 ಸೆಂ.ಮೀ.ಗೂ ಹೆಚ್ಚು ತಪ್ಪಬಹುದು.

ಮೊಲ ಮೇಯಲು ಹೊರಬರುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಬೆಳಕು ಇಳಿದಂತೆ ಪಾಪೆ ಅರಳುತ್ತದೆ, ಹತ್ತಿರ-ದೂರ ಎರಡನ್ನೂ ಹಿಡಿಯುವ ಶಕ್ತಿ ಕುಗ್ಗುತ್ತದೆ. ನಡುಹಗಲಲ್ಲಿ ಸರಿಯಿದ್ದ ಸೈಟ್ ಸಂಜೆ ಕರಗಿ ಹೋಗುವುದು ಹೀಗೆ. ಹಳದಿ ಗಾಜಿನ ಕನ್ನಡಕ ಪ್ರಖರವಾಗಿ ಕಂಡಂತೆ ಅನ್ನಿಸಿದರೂ ಬೆಳಕನ್ನು ಕಡಿಮೆಯೇ ಮಾಡುತ್ತದೆ, ಸಂಜೆ ಅದನ್ನು ತೆಗೆದಿಡಿ. ಇನ್ನೊಂದು ಕಣ್ಣನ್ನು ಬಿಗಿದು ಮುಚ್ಚುವ ಬದಲು ಅದರ ಲೆನ್ಸಿಗೆ ಬೆಳಕು ಹಾಯುವ ಬಿಳಿ ಟೇಪ್ ಅಂಟಿಸಿ. ಆರೇಳು ಸೆಕೆಂಡಿನಲ್ಲಿ ಈಡು ಹೋಗದಿದ್ದರೆ ರೈಫಲ್ ಇಳಿಸಿ, ಎರಡು ಸಲ ರೆಪ್ಪೆ ಬಡಿದು ಮತ್ತೆ ಏರಿಸಿ.

ನಿಮ್ಮ ದೂರದ ಮಿತಿಯನ್ನು ಕಾಗದವೇ ಹೇಳಲಿ. 4 ಸೆಂ.ಮೀ. ವೃತ್ತ ಬರೆದು, ಹಿಂದೆ ಮಣ್ಣಿನ ದಿಬ್ಬವಿರುವ ಕಡೆ, ಬೇಟೆಯ ಹೊತ್ತಿನ ಬೆಳಕಿನಲ್ಲೇ 25, 35, 50 ಮೀಟರಿನಿಂದ ಐದೈದು ಈಡು ಹೊಡೆಯಿರಿ. ಐದೂ ಒಳಗೆ ಬಿದ್ದ ಕೊನೆಯ ದೂರವೇ ನಿಮ್ಮ ಮಿತಿ. ಆರು ತಿಂಗಳಿಗೊಮ್ಮೆ ಮತ್ತೆ ನೋಡಿ.

ಸ್ಕೋಪ್ ಇದ್ದೂ 25 ಮೀಟರಿನಲ್ಲೇ ಕೈಕೊಟ್ಟರೆ, ದೀಪದ ಸುತ್ತ ಬಳೆ ಕಂಡರೆ, ಪೊರೆ ಬಂದಿದೆಯೇ ಎಂದು ತೋರಿಸಿಕೊಳ್ಳಿ. ನೇರ ಗೆರೆ ಡೊಂಕಾಗಿ ಕಂಡರೆ, ಮಿಂಚು ಹೊಳೆದು ಪರದೆ ಇಳಿದಂತಾದರೆ ಅದೇ ದಿನ ಹೋಗಿ. ಪೊರೆ ತೆಗೆಸುವುದಾದರೆ ಗುರಿ ಹಿಡಿಯುವ ಕಣ್ಣು ಯಾವುದು, ಸೈಟ್ ಎಷ್ಟು ದೂರದಲ್ಲಿದೆ ಎಂದು ಸರ್ಜನ್‌ಗೆ ಹೇಳಿ. ಪೊರೆ ತೆಗೆದ ಜಾಗದಲ್ಲಿ ಕೂರಿಸುವ ಮಲ್ಟಿಫೋಕಲ್ (ಹಲವು ದೂರಗಳಿಗೆ ಹೊಂದುವ) ಲೆನ್ಸ್ ಕಾಂಟ್ರಾಸ್ಟ್ ಕಳೆಯಬಹುದು, ಸಂಜೆ ಬಳೆಗಳನ್ನು ತರಬಹುದು; ದೂರಕ್ಕೆ ಹೊಂದಿಸಿದ ಮಾನೋಫೋಕಲ್ (ಒಂದೇ ದೂರದ) ಲೆನ್ಸ್ ಬೇಟೆಗಾರನಿಗೆ ಹೆಚ್ಚು ಒಗ್ಗುತ್ತದೆ. ಇದನ್ನು ಹೇಳಬೇಕಾದದ್ದು ಶಸ್ತ್ರಚಿಕಿತ್ಸೆಯ ದಿನವಲ್ಲ, ಲೆನ್ಸಿನ ಅಳತೆ ತೆಗೆಯುವ ದಿನ.