“ಅಲ್ಲಿ ಗೆಲ್ಲೋದು ಎರಡೇ ಟೀಮ್ ಅಲ್ವಾ?” ಅನ್ನುವವರಿಗೆ

ಹೌದು.

ಉತ್ತರ ಮುಗಿಯಿತು. ಇಷ್ಟೇ ಬೇಕಿದ್ದವರು ಇಲ್ಲಿಂದಲೇ ಹೊರಡಬಹುದು. ಸ್ಕಾಟ್ಲೆಂಡಿನ ದೊಡ್ಡ ಫುಟ್‌ಬಾಲ್ ಲೀಗನ್ನು 1985-86ರಿಂದ 2024-25ರವರೆಗೆ, ಅಂದರೆ 40 ಸೀಸನ್, ಗೆದ್ದಿದ್ದು ಎರಡೇ ಟೀಮ್. ಸೆಲ್ಟಿಕ್, ಇಲ್ಲದಿದ್ದರೆ ರೇಂಜರ್ಸ್. ಎರಡೂ ಗ್ಲಾಸ್ಗೋ ಊರಿನವು. ನಾನು 11 ವರ್ಷದಿಂದ ಎಡಿನ್‌ಬರೋದಲ್ಲಿದ್ದೇನೆ, ಇಲ್ಲಿನ ಹಾರ್ಟ್ಸ್ ಟೀಮಿನ ಸೀಸನ್ ಟಿಕೆಟ್‌ಗೆ ಪ್ರತಿ ವರ್ಷ ಕೈಯಿಂದ ದುಡ್ಡು ಸುರಿಯುತ್ತೇನೆ, ಅಂಥವನಿಗೆ ಈ ಸಂಗತಿ ಗೊತ್ತಿರಲಿಕ್ಕಿಲ್ಲ ಅಂತ ಜನ ಅದು ಹೇಗೆ ಅಂದುಕೊಳ್ಳುತ್ತಾರೋ ನನಗಂತೂ ಅರ್ಥ ಆಗಿಲ್ಲ.

ನನಗೆ ಸಿಟ್ಟು ಪ್ರಶ್ನೆಯ ಮೇಲಲ್ಲ, ಅದರ ಬಾಲದ ಮೇಲೆ. ‘ಎಷ್ಟು ಟೀಮ್ ಗೆಲ್ಲುತ್ತವೆ?’ ಅಂತ ಯಾರೂ ಕೇಳುವುದಿಲ್ಲ. ‘ಎರಡೇ ಅಲ್ವಾ?’ ಅಂತಲೇ ಕೇಳುತ್ತಾರೆ. ಈ ‘ಅಲ್ವಾ’ ಇದೆಯಲ್ಲ, ಅದು ಹೆಣ್ಣು ನೋಡಲು ಹೋದಾಗ ಯಾರೋ ಮೂಲೆಯಿಂದ ‘ಸಂಬಳ ಅಷ್ಟೇ ಅಲ್ವಾ?’ ಅನ್ನುವ ಅಲ್ವಾ. ಉತ್ತರ ಕೇಳಿದವರ ಜೇಬಿನಲ್ಲೇ ಇರುತ್ತದೆ. ನಾವು ಸುಮ್ನೆ ತಲೆ ಆಡಿಸಬೇಕು. ಆಡಿಸಿದ ಮೇಲೆ ಎರಡನೆಯದು ಬರುತ್ತದೆ: ‘ಮತ್ಯಾಕೆ ನೋಡ್ತೀಯ?’ ಮೂರನೆಯದು, ಸ್ವಲ್ಪ ನಗುತ್ತಾ: ‘ಓ, ಅಲ್ಲಿನ ಆರ್‌ಸಿಬಿನಾ?’ ಅಲ್ಲ ಸ್ವಾಮಿ. ಆರ್‌ಸಿಬಿ 2025ರಲ್ಲಿ ಕಪ್ ಎತ್ತಿದ್ದು 18ನೇ ಸೀಸನ್‌ಗೆ, ಅಷ್ಟಕ್ಕೇ ನಾವೆಲ್ಲ ಎಷ್ಟು ಗೋಳಾಡಿದ್ದೆವು. 1960ರಲ್ಲಿ ಲೀಗ್ ಗೆದ್ದಿದ್ದ ಹಾರ್ಟ್ಸ್‌ನವರಿಗೆ ನಾನು ಹೇಳಹೊರಟಿರುವ ಸೀಸನ್ ಹೊತ್ತಿಗೇ 26 ವರ್ಷ ಕಾದು ಆಗಿತ್ತು.

ಹಾರ್ಟ್ಸೇ ಯಾಕೆ ಅನ್ನುವುದಕ್ಕೆ ದೊಡ್ಡ ಕಾರಣ ಏನೂ ಇಲ್ಲ. ಗಾರ್ಗಿಯಲ್ಲಿ ಬಾಡಿಗೆ ಕಡಿಮೆ ಇತ್ತು. ಹೌದು, ನಮ್ಮ ಬಡಾವಣೆಯ ಹೆಸರು ಹೆಚ್ಚುಕಮ್ಮಿ ಹಾಗೇ ಕೇಳಿಸುತ್ತದೆ. ವಿಳಾಸ ಹೇಳಿದಾಗ ಅಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಉಪನಿಷತ್ತಿನ ಗಾರ್ಗಿಯ ಹೆಸರಲ್ಲಿ ಸ್ಕಾಟ್ಲೆಂಡಿನಲ್ಲಿ ಒಂದು ಬೀದಿ ಇದೆ ಅಂತ ಪಕ್ಕದ ಮನೆಯವರಿಗೆಲ್ಲ ಹೇಳಿಬಂದರು. ನಾನು ತಿದ್ದಲು ಹೋಗಲಿಲ್ಲ. ಕಲ್ಲಿನ ನಾಲ್ಕಂತಸ್ತಿನ ಹಳೇ ಮನೆಗಳ ನಡುವೆ ಟೈನ್‌ಕಾಸಲ್ ಸ್ಟೇಡಿಯಂ ಸಿಕ್ಕಿಸಿಟ್ಟ ಹಾಗಿದೆ. ಪಕ್ಕದಲ್ಲೇ ವಿಸ್ಕಿ ಕಾರ್ಖಾನೆ. ಅಲ್ಲಿ ಧಾನ್ಯ ಹುದುಗು ಬರಿಸುವ ದಿನ ಇಡೀ ಬೀದಿಗೆ, ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗೆ ಬಿಟ್ಟ ದೋಸೆ ಹಿಟ್ಟಿನ ವಾಸನೆ. ಬಂದ ಮೊದಲ ತಿಂಗಳು ಊರಿನ ನೆನಪು ಜಾಸ್ತಿ ಬಂದಿದ್ದು ಆ ವಾಸನೆಗೆ. ಶನಿವಾರ ಮಧ್ಯಾಹ್ನ ಮೆರೂನ್ ಸ್ಕಾರ್ಫ್ ಹಾಕಿಕೊಂಡ ಜನ ಕಿಟಕಿಯ ಕೆಳಗೇ ಸಾಲಾಗಿ ಹೋಗುತ್ತಿದ್ದರು. ಒಂದು ದಿನ ನಾನೂ ಇಳಿದು ಹೋದೆ. ಅಷ್ಟೇ.

ಈಗ ಬಾವನ ವಿಷಯ. ಇದನ್ನು ಬರೆಯಲು ಕೂತಿದ್ದೇ ಅವರಿಂದ. ಹಿಂದಿನ ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಒಂದು ಹಾಲ್ ಬಾಡಿಗೆಗೆ ಹಿಡಿದು ಊಟ ಇಟ್ಟುಕೊಂಡಿದ್ದೆವು. ಅಕ್ಕ, ಬಾವ ಲಂಡನ್‌ನಿಂದ ಬಂದಿದ್ದರು. ಬಾವ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಟೀಮಿನ ಅಭಿಮಾನಿ, ಹುಟ್ಟಿದಾಗಿನಿಂದ ಅಲ್ಲ, 2012ರಿಂದ. ತಟ್ಟೆಗೆ ಮಾವಿನಕಾಯಿ ಚಿತ್ರಾನ್ನ ಬಿದ್ದಿತ್ತು, ಒಬ್ಬಟ್ಟು ಆ ತುದಿಯಿಂದ ಬರುತ್ತಿತ್ತು, ಆಗ ಶುರುಮಾಡಿದರು. “ಏನೋ, ಇನ್ನೂ ಆ ಹಾರ್ಟ್ಸ್ ನೋಡ್ತಿದ್ದೀಯ? ಅಲ್ಲಿ ಗೆಲ್ಲೋದು ಎರಡೇ ಟೀಮ್ ಅಲ್ವಾ?” ಎದುರಿಗಿದ್ದ ನಾಲ್ಕು ಜನ ನಕ್ಕರು. ನಾನು ಒಬ್ಬಟ್ಟಿನ ಕಡೆ ಗಮನ ಇಟ್ಟಿದ್ದರೆ ಚೆನ್ನಾಗಿತ್ತು. ಇಡಲಿಲ್ಲ. ಪೆನ್ನು ತೆಗೆದೆ.

“ಬಾವ, 1986ರ ಮೇ 3. ಏಳು ನಿಮಿಷ,” ಅಂದೆ.

ಆ ದೊಡ್ಡ ಲೀಗಿನ ಹೆಸರು ಆಗ ಪ್ರೀಮಿಯರ್ ಡಿವಿಷನ್, ಅದರಲ್ಲಿ ಹತ್ತು ಟೀಮ್. ಒಬ್ಬೊಬ್ಬರೂ ಉಳಿದವರ ಜೊತೆ ನಾಲ್ಕು ನಾಲ್ಕು ಸಲ ಆಡಬೇಕು, ಒಟ್ಟು 36 ಪಂದ್ಯ. ಗೆದ್ದರೆ ಎರಡು ಅಂಕ, ಡ್ರಾ ಆದರೆ ಒಂದು. ಹಾರ್ಟ್ಸ್ ಮೂರು ವರ್ಷದ ಹಿಂದಷ್ಟೇ ಕೆಳಗಿನ ಡಿವಿಷನ್‌ನಿಂದ ಹತ್ತಿ ಬಂದಿತ್ತು. ಸೀಸನ್ನಿನ ಮೊದಲ ಎಂಟು ಪಂದ್ಯದಲ್ಲಿ ಐದು ಸೋಲು. ಯಾರೂ ಇವರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆಮೇಲೆ ಅಕ್ಟೋಬರ್‌ನಿಂದ ಏನಾಯಿತೋ, ಸೋಲುವುದನ್ನೇ ಬಿಟ್ಟರು. 27 ಲೀಗ್ ಪಂದ್ಯ, ಒಂದೂ ಸೋಲಿಲ್ಲ. ಮ್ಯಾನೇಜರ್ ಅಲೆಕ್ಸ್ ಮ್ಯಾಕ್‌ಡೊನಾಲ್ಡ್. ಗೋಲ್ ಹೊಡೆಯಲು ಕುಳ್ಳ ಜಾನ್ ರಾಬರ್ಟ್‌ಸನ್, ಹಿಂದೆ ಕಾಯಲು ವಯಸ್ಸಾದ ಸ್ಯಾಂಡಿ ಜಾರ್ಡೀನ್ ಮತ್ತು ಹುಡುಗ ಕ್ರೇಗ್ ಲೆವೀನ್. ಆ ವರ್ಷ ಗ್ಲಾಸ್ಗೋದ ರೇಂಜರ್ಸ್ ಎಲ್ಲಿತ್ತು ಗೊತ್ತಾ? ಐದನೇ ಸ್ಥಾನ. ಅದರ ಹಿಂದಿನ ಎರಡು ವರ್ಷ ಲೀಗ್ ಗೆದ್ದಿದ್ದು ಅಬರ್ಡೀನ್, ಅದರ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಇನ್ನೂ ಮ್ಯಾಂಚೆಸ್ಟರ್ ಯುನೈಟೆಡ್ ಕಡೆ ಮುಖ ಮಾಡಿರಲಿಲ್ಲ. ‘ಎರಡೇ ಟೀಮ್’ ಅನ್ನುವ ಮಾತು ಆವತ್ತು ಯಾರಾದರೂ ಆಡಿದ್ದರೆ ಜನ ಅವರ ಹಣೆ ಮುಟ್ಟಿ ಜ್ವರ ಇದೆಯಾ ನೋಡುತ್ತಿದ್ದರು.

ಕೊನೆಯ ದಿನ. ಹಾರ್ಟ್ಸ್ 50 ಅಂಕ, ಸೆಲ್ಟಿಕ್ 48. ಹಾರ್ಟ್ಸ್‌ಗೆ ಬೇಕಿದ್ದು ಒಂದು ಡ್ರಾ. ಸೋತರೂ, ಸೆಲ್ಟಿಕ್ ಸಣ್ಣ ಅಂತರದಲ್ಲಿ ಗೆದ್ದರೆ ಪರವಾಗಿಲ್ಲ, ಯಾಕೆಂದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಹಾರ್ಟ್ಸ್‌ಗೆ 28, ಸೆಲ್ಟಿಕ್‌ಗೆ 24. ಹಾರ್ಟ್ಸ್ ಹೋದದ್ದು ಡಂಡೀ ಊರಿನ ಡೆನ್ಸ್ ಪಾರ್ಕ್‌ಗೆ. ಸೆಲ್ಟಿಕ್ ಪೇಸ್ಲಿಯಲ್ಲಿ ಸೇಂಟ್ ಮಿರೆನ್ ಎದುರು. ಲೆವೀನ್ ಕಾಯಿಲೆ ಬಿದ್ದು ಆಡಲಿಲ್ಲ.

ನಮ್ಮ ಮೆಟ್ಟಿಲಿನ ಕೆಳಗಿನ ಮನೆಯ ಹಿರಿಯರೊಬ್ಬರು ಆ ದಿನ ಡೆನ್ಸ್ ಪಾರ್ಕ್‌ನಲ್ಲಿದ್ದರು. ಬ್ರೆಡ್ಡಿಗೆ ಜಾಮ್ ಸವರಿ ಹೆಂಡತಿ ಕಟ್ಟಿಕೊಟ್ಟಿದ್ದ ಪೊಟ್ಟಣ ಕೋಟಿನ ಜೇಬಿನಲ್ಲಿ. ಪಕ್ಕದವನ ಕೈಯಲ್ಲಿ ಟ್ರಾನ್ಸಿಸ್ಟರ್. ಅರ್ಧ ಪಂದ್ಯ ಮುಗಿಯುವ ಹೊತ್ತಿಗೆ ಸೆಲ್ಟಿಕ್ 4-0 ಅಂತ ರೇಡಿಯೋ ಹೇಳಿತು. ಇವರೆಲ್ಲ ನಕ್ಕರಂತೆ. ಹತ್ತು ಹೊಡೆದುಕೊಳ್ಳಲಿ, ನಮಗೆ ಒಂದು ಡ್ರಾ ಸಾಕು. ಇಲ್ಲಿ ಇನ್ನೂ 0-0. ಗಡಿಯಾರ ನೋಡುವುದು, ಮೈದಾನ ನೋಡುವುದು, ಮತ್ತೆ ಗಡಿಯಾರ. 83ನೇ ನಿಮಿಷಕ್ಕೆ ಡಂಡೀಗೆ ಒಂದು ಕಾರ್ನರ್. ಬದಲಿಯಾಗಿ ಬಂದಿದ್ದ ಆಲ್ಬರ್ಟ್ ಕಿಡ್ ಅನ್ನುವ ಆಟಗಾರ, ಇಡೀ ಸೀಸನ್ ಲೀಗಿನಲ್ಲಿ ಒಂದೇ ಒಂದು ಗೋಲ್ ಹೊಡೆಯದವನು, ಒದ್ದ. ಗೋಲ್. 87ನೇ ನಿಮಿಷಕ್ಕೆ ಅದೇ ಮನುಷ್ಯ ಇನ್ನೊಂದು.

ಡಂಡೀ 2, ಹಾರ್ಟ್ಸ್ 0. ಸೇಂಟ್ ಮಿರೆನ್ 0, ಸೆಲ್ಟಿಕ್ 5.

ಜಾಮ್ ಬ್ರೆಡ್ಡಿನ ಪೊಟ್ಟಣ ಸಿಕ್ಕಿದ್ದು ಸೋಮವಾರವಂತೆ, ಕೋಟು ಒಗೆಯಲು ತೆಗೆದಾಗ. ಹಾರ್ಟ್ಸ್‌ನ ನಾಯಕನ ಹೆಸರೂ ಕಿಡ್, ವಾಲ್ಟರ್ ಕಿಡ್, ಸಂಬಂಧಿಯಲ್ಲ. ಹಾಗಾಗಿ ನಮ್ಮ ಹಿರಿಯರಿಗೆ ಒಂದು ತೊಂದರೆ. ಆ ಹೆಸರನ್ನು ಪೂರ್ತಿ ಬಿಡುವಂತಿಲ್ಲ. ಅದಕ್ಕೆ ವಾಲ್ಟರ್‌ಗೆ ‘ನಮ್ಮ ಕಿಡ್’ ಅನ್ನುತ್ತಾರೆ, ಇನ್ನೊಬ್ಬನಿಗೆ ಹೆಸರೇ ಇಲ್ಲ, ‘ಆ ಸಬ್‌ಸ್ಟಿಟ್ಯೂಟ್’. ಎಡಿನ್‌ಬರೋದಲ್ಲೇ ಇರುವ ಎದುರಾಳಿ ಟೀಮ್ ಹಿಬ್ಸ್ ಕಡೆಯವರಿಗೆ ಮಾತ್ರ ಆಲ್ಬರ್ಟ್ ಕಿಡ್ ಅಂದರೆ ಕುಲದೇವರು. ವಾರ ಕಳೆದ ಮೇಲೆ ಸ್ಕಾಟಿಷ್ ಕಪ್ ಅನ್ನುವ ಬೇರೆ ಟೂರ್ನಿಯ ಫೈನಲ್ ಇತ್ತು. ಅದರಲ್ಲೂ ಅಬರ್ಡೀನ್ ಕೈಲಿ 3-0 ಸೋಲು, ‘ನಮ್ಮ ಕಿಡ್’ಗೆ ರೆಡ್ ಕಾರ್ಡ್. ಇದರ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ, ಅವರು ಇದನ್ನು ಓದುವುದಿಲ್ಲ ನಿಜ, ಆದರೂ.

ಇಷ್ಟನ್ನೂ ಬಾವ ಕೇಳಿದರು. ಕೋಸಂಬರಿ ಮುಗಿಸಿದರು. ಆಮೇಲೆ:

“ಸರಿ, ಹಾಗಾದ್ರೆ ಆ ವರ್ಷ ಗೆದ್ದದ್ದು ಯಾರು?”

“ಸೆಲ್ಟಿಕ್.”

“ನೋಡು, ನಾನು ಹೇಳಲಿಲ್ವಾ?”

ಒಬ್ಬಟ್ಟು ಬಂದು ಹೋಗಿದ್ದು ಇದೇ ಹೊತ್ತಿಗೆ.

ಹನ್ನೊಂದು ವರ್ಷದಲ್ಲಿ ಒಬ್ಬರಾದರೂ ನನ್ನನ್ನು ಕೇಳಲಿ ಅಂತ ಕಾದಿರುವ ಪ್ರಶ್ನೆ ಬೇರೆ. ಅಂಕ ಸಮ ಆದರೆ ಏನು ಮಾಡುತ್ತಾರೆ? ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಪೆನ್ನು ತೆಗೆದದ್ದೇ ಇದಕ್ಕೆ.

ಆ ಸೀಸನ್ ಮುಗಿದಾಗ ಸೆಲ್ಟಿಕ್ 36 ಪಂದ್ಯದಲ್ಲಿ 20 ಗೆದ್ದು, 10 ಡ್ರಾ ಮಾಡಿ, 6 ಸೋತಿತ್ತು. ಹಾರ್ಟ್ಸ್ 20 ಗೆದ್ದು, 10 ಡ್ರಾ ಮಾಡಿ, 6 ಸೋತಿತ್ತು. ತಪ್ಪು ಓದಲಿಲ್ಲ, ಎರಡೂ ಅದೇ. ಇಬ್ಬರಿಗೂ 50 ಅಂಕ. ಹೊಡೆದ ಗೋಲು, ಬಿಟ್ಟ ಗೋಲು: ಸೆಲ್ಟಿಕ್ 67, 38. ಹಾರ್ಟ್ಸ್ 59, 33. ಕಳೆಯಿರಿ. 29 ಮತ್ತು 26. ಕಪ್ ಸೆಲ್ಟಿಕ್‌ಗೆ. ಈಗ ಕಳೆಯಬೇಡಿ, ಭಾಗಿಸಿ. 67 ಭಾಗ 38, ಬರುವುದು 1.763. 59 ಭಾಗ 33, ಬರುವುದು 1.788. ಕಪ್ ಹಾರ್ಟ್ಸ್‌ಗೆ! ಹಿಂದೆ ಹೀಗೆ ಭಾಗಿಸುವುದೇ ನಿಯಮವಾಗಿತ್ತು, ಗೋಲ್ ಆವರೇಜ್ ಅಂತ. ಅದನ್ನು ಕೈಬಿಟ್ಟು ಕಳೆಯುವ ಲೆಕ್ಕ ತಂದಿದ್ದರು.

ಬಿಡದೇ ಇದ್ದಿದ್ದರೆ ಅಂತ ಹಾರ್ಟ್ಸ್‌ನವರು ಅಳಬಹುದಲ್ಲ? ಅಳುವ ಹಾಗೂ ಇಲ್ಲ. ಯಾಕೆಂದರೆ ಭಾಗಿಸುವ ನಿಯಮ ಇದ್ದಾಗಲೂ ಇದೇ ಕತೆ. 1965ರ ಏಪ್ರಿಲ್ 24, ಟೈನ್‌ಕಾಸಲ್, ಸೀಸನ್ನಿನ ಕೊನೆಯ ಪಂದ್ಯ, ಎದುರಿಗೆ ಕಿಲ್ಮಾರ್ನಕ್. ಹಾರ್ಟ್ಸ್ ಎರಡು ಅಂಕ ಮುಂದೆ. 1-0 ಸೋತಿದ್ದರೂ ಕಪ್ ಇವರದ್ದೇ. ಸೋತದ್ದು 2-0. ಇಬ್ಬರಿಗೂ 50 ಅಂಕ, ಆಗಲೂ 50. ಕಿಲ್ಮಾರ್ನಕ್ 62ಕ್ಕೆ 33, ಅಂದರೆ 1.879. ಹಾರ್ಟ್ಸ್ 90ಕ್ಕೆ 49, ಅಂದರೆ 1.837. ತೊಂಬತ್ತು ಗೋಲು ಹೊಡೆದವರು ಅರವತ್ತೆರಡು ಹೊಡೆದವರ ಕೈಲಿ ದಶಮಾಂಶದಲ್ಲಿ ಸೋತರು. ಅವತ್ತು ಕಳೆಯುವ ನಿಯಮ ಇದ್ದಿದ್ದರೆ 41ಕ್ಕೆ 29, ಹಾರ್ಟ್ಸ್ ಆರಾಮಾಗಿ ಚಾಂಪಿಯನ್. ಭಾಗಿಸಬೇಕಾದಾಗ ಕಳೆಯುವುದರಲ್ಲಿ ಮುಂದಿದ್ದರು, ಕಳೆಯಬೇಕಾದಾಗ ಭಾಗಿಸುವುದರಲ್ಲಿ ಮುಂದಿದ್ದರು. ಇಂಥ ಟೀಮನ್ನು ಬಿಟ್ಟು ಗೆಲ್ಲುವವರನ್ನು ನೋಡು ಅಂತೀರಲ್ಲ.

ಇನ್ನೊಂದಿದೆ. ಹಾರ್ಟ್ಸ್‌ನ ಬಾಯಿಂದ ತುತ್ತು ಕಿತ್ತ ಡಂಡೀಗೆ ಏನು ಸಿಕ್ಕಿತು? ಆರನೇ ಸ್ಥಾನ. ಅವರಿಗೂ ರೇಂಜರ್ಸ್‌ಗೂ 35, 35 ಅಂಕ, ಗೋಲ್ ವ್ಯತ್ಯಾಸದಲ್ಲಿ ರೇಂಜರ್ಸ್ ಐದನೆಯದಾಗಿ ಯೂರೋಪಿನ ಯುಇಎಫ್‌ಎ ಕಪ್‌ಗೆ ಹೋಯಿತು, ಡಂಡೀ ಮನೆಗೆ ಹೋಯಿತು. ಅದೇ ನಿಯಮ, ಅದೇ ದಿನ. ತಳದಲ್ಲಿದ್ದ ಮದರ್‌ವೆಲ್ ಮತ್ತು ಕ್ಲೈಡ್‌ಬ್ಯಾಂಕ್ 20, 20 ಅಂಕ ತೆಗೆದುಕೊಂಡೂ ಕೆಳಗಿಳಿಯಲಿಲ್ಲ, ಮುಂದಿನ ವರ್ಷ ಲೀಗನ್ನು 12 ಟೀಮಿಗೆ ಹಿಗ್ಗಿಸುವುದಿತ್ತು ಅಂತ. ಆ ವರ್ಷ ಶಿಕ್ಷೆ ಆಗಬೇಕಾದವರಿಗೆ ಆಗಲಿಲ್ಲ, ಆಗಬಾರದವರಿಗೆ ಆಯಿತು. ‘ಎರಡೇ ಟೀಮ್ ಅಲ್ವಾ’ ಅನ್ನುವವರ ಕಣ್ಣಿಗೆ ಇಡೀ ಪಟ್ಟಿಯಲ್ಲಿ ಕಾಣುವುದು ಒಂದೇ ಸಾಲು, ಮೇಲಿನದು.

“ಬಾವ,” ಅಂದೆ, “ನಿಮ್ಮ ಸಿಟಿ 2012ರಲ್ಲಿ ಗೆದ್ದದ್ದು ಹೇಗೆ ನೆನಪಿದೆಯಾ? ಎರಡೂ ಮ್ಯಾಂಚೆಸ್ಟರ್‌ಗೂ 89 ಅಂಕ. ಗೋಲ್ ವ್ಯತ್ಯಾಸ. ಕೊನೇ ದಿನ. ಅದನ್ನು ನೋಡಿಯೇ ಅಲ್ವಾ ನೀವು ಅಭಿಮಾನಿ ಆದದ್ದು?”

ನಾನೂ ‘ಅಲ್ವಾ’ ಹಾಕಿದೆ, ಒಪ್ಪಿಕೊಳ್ಳುತ್ತೇನೆ. ಅವರು ಎದ್ದು ಮಜ್ಜಿಗೆ ತರಲು ಹೋದರು.

ನಾನು ಲೆಕ್ಕ ಬರೆದ ಪೇಪರ್ ತಟ್ಟೆಯನ್ನು ಅಲ್ಲೇ ಬಿಟ್ಟು ಕೈ ತೊಳೆಯಲು ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಊಟದ ಜವಾಬ್ದಾರಿ ಹೊತ್ತಿದ್ದ ಆಂಟಿ ಆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದರು. ಅಂಚಿನಲ್ಲಿ ಚಿತ್ರಾನ್ನದ ಎಣ್ಣೆಗೆ ಮಿಕ್ಕಿದ್ದೆಲ್ಲ ಕಲಸಿಹೋಗಿ 59, 33 ಅಂತಷ್ಟೇ ಉಳಿದಿತ್ತು.

“ಅಯ್ಯೋ ರಾಮ,” ಅಂದರು ಅಡುಗೆಯವರ ಕಡೆ ತಿರುಗಿ. “ಐವತ್ತೊಂಬತ್ತು ಜನಕ್ಕೆ ಮೂವತ್ಮೂರೇ ಒಬ್ಬಟ್ಟು ಮಾಡಿಸಿದ್ದಾರೆ. ಮತ್ತೆ ಸಾಲದೇ ಇನ್ನೇನು!”